ನೀರು ಕೇಳದ ಹೂತೋಟ

ನಮ್ಮತ್ತೆಯ ಹೂತೋಟಕ್ಕೆ ಒಂದು ತಂಬಿಗೆ ನೀರು ಹಾಕಿದವರು ಯಾರೂ ಇಲ್ಲ. ಬೇಸಿಗೆಯಲ್ಲಿ ಕೆರೆ ಏರಿಯ ಉದ್ದಕ್ಕೂ ಹುಲ್ಲು ಒಣಗಿ ಹಳೆಯ ಚಾಪೆಯ ಬಣ್ಣಕ್ಕೆ ತಿರುಗಿದಾಗಲೂ ಅವರ ತೋಟ ಮಾತ್ರ ಕಣ್ಣು ಕುಕ್ಕುವಷ್ಟು ಹಸಿರಾಗಿರುತ್ತಿತ್ತು. ವಾಕಿಂಗಿಗೆ ಬಂದವರು ನಿಂತು ನೋಡಿ, “ಕೈಗುಣ ಅಂದ್ರೆ ಇದಪ್ಪ” ಎನ್ನುತ್ತಿದ್ದರು. ಅತ್ತೆ “ಅಯ್ಯೋ, ನಂದೇನಿದೆ ಇದರಲ್ಲಿ” ಎನ್ನುತ್ತ, ಇನ್ನೂ ನಾಲ್ಕು ಜನ ಹೇಳಲಿ ಎಂದು ಅಲ್ಲೇ ಕಳೆ ಕೀಳುತ್ತ ಕೂತಿರುತ್ತಿದ್ದರು. ನಾನು ಮನೆಯ ಕುಂಡದಲ್ಲಿ ಹಾಕಿದ ಪುದೀನ ಕೂಡ ವಾರ ಕಳೆಯುವುದರೊಳಗೆ ಕೈಕೊಡುತ್ತಿತ್ತು. ಆ ಸುದ್ದಿಯನ್ನೂ ಅವರು ವಾಕಿಂಗಿನವರಿಗೆ ತಪ್ಪದೆ ಮುಟ್ಟಿಸುತ್ತಿದ್ದರು.

ತೋಟ ಇದ್ದದ್ದು ಕೆರೆ ಏರಿಯ ಬುಡದಲ್ಲಿ. ಗೇಟಿನ ಬೋರ್ಡಿನಲ್ಲಿ ‘ವಿಹಾರ ಜಲಾಶಯ’ ಎಂದು ದೊಡ್ಡದಾಗಿ ಬರೆದಿದ್ದರೂ ಬಾಯಲ್ಲಿ ಎಲ್ಲರಿಗೂ ಅದು ಕೆರೆಯೇ. ಯಾವುದೋ ಕಾಲದಲ್ಲಿ ಹೊಲಗಳಿಗೆ ನೀರುಣಿಸಲು ಮಣ್ಣು ಪೇರಿಸಿ ಕಟ್ಟಿದ್ದು. ಹೊಲಗಳೆಲ್ಲ ಮನೆಗಳಾದ ಮೇಲೆ ನೀರಿಗೆ ಬೇರೆ ಕೆಲಸವಿಲ್ಲದೆ ವಿಹಾರಕ್ಕೆ ಬಿಟ್ಟರು. ಈಗ ಅಲ್ಲಿ ತುಳಿಯುವ ದೋಣಿಗಳಿವೆ, ಬಾತುಕೋಳಿಗಳಿವೆ, ದಿನವಿಡೀ ಗಾಳ ಹಾಕಿ ಕೂತು ಏನನ್ನೂ ಹಿಡಿಯದೆ ಮನೆಗೆ ಹೋಗುವ ಗಂಡಸರಿದ್ದಾರೆ. ದೋಣಿಯ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂರುವುದು ನಾನು. ದೋಣಿಗಳ ಪೆಡಲು, ಚೈನು ರಿಪೇರಿ ನನ್ನ ಗಂಡನದು. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು. ಇನ್ನೊಂದು ಕಡೆ, ನೀರಿಗಿಂತ ಎಷ್ಟೋ ಕೆಳಗೆ, ನಮ್ಮ ಬೀದಿಯ ತಾರಸಿಗಳು. ನಮ್ಮ ಮನೆಯ ತಾರಸಿಯಲ್ಲಿ ಒಣಹಾಕಿದ ಲಂಗ ಮಗಳದೋ ನನ್ನದೋ ಎಂದು ಅಲ್ಲಿಂದಲೇ ಹೇಳಬಹುದಿತ್ತು. ಅದನ್ನು ನಾವು ಒಂದು ಅನುಕೂಲ ಎಂದೇ ತಿಳಿದಿದ್ದೆವು.

ತೋಟ ಹೇಗೆ ಹುಟ್ಟಿತು ಎಂದು ಹೇಳಬೇಕಾದರೆ ಮಾವನಿಂದ ಶುರು ಮಾಡಬೇಕು.

ಮಾವ ಪ್ಲಂಬರ್. ನಮ್ಮ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಮಾನ ಹೋದ ಹಾಗೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಬಚ್ಚಲ ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಬಂದರೆ, ಊಟಕ್ಕೆ ಕೂತ ಅತ್ತೆ, ಮಾವ ಇಬ್ಬರೂ ಒಟ್ಟಿಗೆ ತಲೆಯೆತ್ತಿ ಕಿವಿಗೊಡುತ್ತಿದ್ದರು. ಆಮೇಲೆ ಇಬ್ಬರೂ ನನ್ನ ಕಡೆ ನೋಡುತ್ತಿದ್ದರು. ಅತ್ತೆ ಮಾವನ ಜೊತೆ ಕೆಲಸಕ್ಕೆ ಹೋಗಿ, ಸ್ಪ್ಯಾನರ್ ಎತ್ತಿಕೊಟ್ಟು, ಪೈಪಿನ ತಿರುಪಿಗೆ ದಾರ ಸುತ್ತಿಕೊಟ್ಟು ಅರ್ಧ ಪ್ಲಂಬರ್ ಆಗಿದ್ದರು. ಅರ್ಧ ಎಂದದ್ದು ನಾನು. ಅವರನ್ನು ಕೇಳಿದರೆ ಮುಕ್ಕಾಲಿಗೂ ಒಪ್ಪುವುದಿಲ್ಲ.

ಏರಿಯ ಬುಡದಲ್ಲಿ, ವಾಕಿಂಗ್ ದಾರಿಯ ಪಕ್ಕದಲ್ಲಿ, ಒಂದು ಹಳೆಯ ಕಬ್ಬಿಣದ ಪೈಪು ಬಾಯಿ ತೆರೆದುಕೊಂಡಿತ್ತು. ಹಗಲೂ ರಾತ್ರಿ ಅದರಿಂದ ಸಣ್ಣಗೆ ನೀರು ಬರುತ್ತಿತ್ತು. ನೀರು ದಾರಿಗೆ ಅಡ್ಡಲಾಗಿ ಹರಿದು, ಕಲ್ಲುಚಪ್ಪಡಿಯ ಮೇಲೆ ಪಾಚಿ ಕಟ್ಟುತ್ತಿತ್ತು. ದಿನಾ ಬೆಳಿಗ್ಗೆ ಮಾವ ಅಲ್ಲಿ ನಿಂತು ಗೊಣಗುತ್ತಿದ್ದರು. “ಊರೆಲ್ಲ ಸೋರೋದು ನಿಲ್ಲಿಸಿದೀನಿ. ಇದೊಂದು ನನ್ನ ಕಣ್ಣೆದುರೇ ಸೋರ್ತಿದೆ ನೋಡು.” ಒಂದು ಬೆಳಿಗ್ಗೆ ಅದೇ ಪಾಚಿಯ ಮೇಲೆ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ.

ಮಾವ ಹೋದ ಮೇಲೆ ಅತ್ತೆ ಕೆರೆಯ ಕಚೇರಿಗೆ ಹೋದರು. ಏನಾದರೂ ಕೇಳಲು ಹೋದದ್ದಲ್ಲ. ಹೀಗಾಯಿತು ಎಂದು ಹೇಳಲು ಹೋದದ್ದು, ಅಷ್ಟೇ. ನಾನೂ ಜೊತೆಗಿದ್ದೆ. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಪೂರ್ತಿ ಕೇಳಿಸಿಕೊಳ್ಳದೆ, “ನೋಡ್ಕೊಂಡು ನಡೀಬೇಕಮ್ಮ ವಯಸ್ಸಾದವರು” ಎಂದ. ನನಗೆ ಉರಿದುಹೋಯಿತು, ಅವನ ಟೀ ಲೋಟ ಎತ್ತಿ ಬಡಿಯಬೇಕು ಅನ್ನಿಸಿತು. ಅತ್ತೆ ನನ್ನ ಕೈ ಹಿಡಿದು ಹೊರಗೆ ಕರೆತಂದರು. ಸ್ವಲ್ಪ ದಿನದಲ್ಲೇ ಪೈಪಿನ ಪಕ್ಕ ಒಂದು ಹಳದಿ ಬೋರ್ಡು ಬಂತು: ‘ಜಾರುತ್ತದೆ. ಎಚ್ಚರಿಕೆಯಿಂದ ನಡೆಯಿರಿ.’ ಆ ಬೋರ್ಡು ನೋಡಿ ಅತ್ತೆ ಅತ್ತಷ್ಟು, ಮಾವ ಹೋದ ದಿನವೂ ಅತ್ತಿರಲಿಲ್ಲ. ಎಚ್ಚರಿಕೆ ಇಲ್ಲದೆ ನಡೆದವರೇ ಬೀಳುವುದು ಎಂದು ಊರಿಗೆಲ್ಲ ಬರೆದು ನಿಲ್ಲಿಸಿದ ಹಾಗಿತ್ತು ಅದು.

ಮರುದಿನ ಅವರು ಮಾವನ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಹೊಸ ಪೈಪು ಜೋಡಿಸಿದಾಗ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಪ್ಲಂಬರುಗಳು ಪೈಪಿನ ಬಾಯಿಗೆ ಒಂದು ರಬ್ಬರಿನ ಬಿರಡೆ ಹಾಕುತ್ತಾರೆ. ನಡುವಿನ ನಟ್ಟು ತಿರುಗಿಸಿದರೆ ರಬ್ಬರು ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ಪೈಪಿನ ಒಳಗೆ ಮೊಳದಷ್ಟು ದೂರಕ್ಕೆ ತಳ್ಳಿ, ತಿರುಗಿಸಿ, ಮುಂದೆ ಸಿಮೆಂಟು ಮೆತ್ತಿ, ಕೈ ಒರೆಸಿಕೊಂಡು ಎದ್ದರು. ಹರಿಯುತ್ತಿದ್ದ ನೀರು ನಿಂತಿತು. ವಾಕಿಂಗ್ ಸಂಘದವರು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಸಂಘದ ಅಧ್ಯಕ್ಷರು, ಯಾವ ಮಾತನ್ನೂ ತಮ್ಮ ಮೊಣಕಾಲಿನ ಸುದ್ದಿಯಿಲ್ಲದೆ ಮುಗಿಸದ ಮನುಷ್ಯ, “ಸರ್ಕಾರದ ಕೈಲಿ ಆಗದ್ದನ್ನ ನೀವೊಬ್ಬರೇ ಮಾಡಿದ್ರಿ ಅಮ್ಮ, ಇನ್ಮೇಲೆ ನನ್ನ ಮೊಣಕಾಲಿಗೂ ಭಯ ಇಲ್ಲ” ಎಂದರು. ಸತ್ಯ ಹೇಳಬೇಕೆಂದರೆ, ಅಲ್ಲಿದ್ದ ಒಬ್ಬರಿಗೂ ಅದು ತಪ್ಪು ಕೆಲಸ ಎಂದು ಹೊಳೆಯಲಿಲ್ಲ. ಸೋರುತ್ತಿದ್ದ ಪೈಪನ್ನು ನಿಲ್ಲಿಸುವುದರಲ್ಲಿ ತಪ್ಪೇನಿರುತ್ತದೆ?

ಮುಚ್ಚಿದ ಪೈಪಿನ ಸುತ್ತ ಅತ್ತೆ ನಾಲ್ಕು ಚೆಂಡುಹೂವಿನ ಸಸಿ ನೆಟ್ಟರು, ಮಾವನ ನೆನಪಿಗೆ. ಅವು ಹುಚ್ಚೆದ್ದು ಬೆಳೆದವು. ಆಮೇಲೆ ಸೇವಂತಿಗೆ, ಜರೀಗಿಡ, ಕಾಬಾಳೆ. ಮೊದಲು ಬುಡದಲ್ಲಷ್ಟೇ ಇದ್ದ ಹಸಿರು ವರ್ಷ ಕಳೆದಂತೆ ಏರಿಯ ಇಳಿಜಾರಿನಲ್ಲಿ ಮೇಲಕ್ಕೂ ಹತ್ತಿತು. ಮಣ್ಣು ಎಲ್ಲಿ ಮೆತ್ತಗೆ ಸಿಕ್ಕಿತೋ ಅಲ್ಲಿಗೆ ಅತ್ತೆ ತೋಟ ಏರಿಸುತ್ತ ಹೋದರು. ನೆಡದೆ ಇದ್ದ ಜೊಂಡು ಕೂಡ ತಾನಾಗಿ ಬಂತು. ಒಂದು ಸಂಜೆ, ಅಕ್ಕಪಕ್ಕ ಯಾರೂ ಇಲ್ಲದಾಗ, ಅತ್ತೆ ತಗ್ಗಿದ ದನಿಯಲ್ಲಿ ನನಗೆ ಹೇಳಿದರು: “ನಿಮ್ಮ ಮಾವ ಎಲ್ಲಿದ್ರೂ ಸುಮ್ಮನೆ ಕೂರೋ ಮನುಷ್ಯ ಅಲ್ಲ ಕಣೆ. ಅವರೇ ನೀರು ಬಿಡ್ತಿದಾರೆ ಅನ್ಸುತ್ತೆ.” ನನಗೆ ನಗು ಬರಲಿಲ್ಲ. ಯಾವುದಕ್ಕಾದರೂ ಅತ್ತೆಯನ್ನು ರೇಗಿಸುವ ನಾನು ಅಂದು ಸುಮ್ಮನೆ ಅವರ ಪಕ್ಕ ಕೂತು ಕಳೆ ಕಿತ್ತೆ.

ಮಳೆಗಾಲಕ್ಕೆ ಮುಂಚೆ ಏರಿ ತಪಾಸಣೆ ಮಾಡಲು ಇಂಜಿನಿಯರ್ ಬಂದದ್ದು ಈ ವರ್ಷ. ಹಿಂದೆಯೂ ಯಾರೋ ಬರುತ್ತಿದ್ದರಂತೆ. ಜೀಪಿನಲ್ಲಿ ಏರಿಯ ಮೇಲೆ ಒಂದು ಸುತ್ತು ಹಾಕಿ, ಪುಕ್ಕಟೆ ದೋಣಿ ಹತ್ತಿ ಹೋಗುತ್ತಿದ್ದರು. ಈಕೆ ಬೇರೆ ಥರ. ಚಿಕ್ಕ ವಯಸ್ಸು, ಮಂಡಿವರೆಗೆ ಬೂಟು, ಕೈಯಲ್ಲಿ ಒಂದು ಕಬ್ಬಿಣದ ಸರಳು. ಏರಿಯ ಬುಡದಲ್ಲೇ ತುದಿಯಿಂದ ತುದಿಗೆ ನಡೆದು, ಅಲ್ಲಲ್ಲಿ ಚುಚ್ಚಿ ನೋಡುತ್ತ ಬಂದರು. ಅತ್ತೆಯ ತೋಟ ಕಂಡದ್ದೇ ನಿಂತರು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಹೊಗಳಿಕೆ ಬರುತ್ತದೆ ಎಂದು ಅವರಿಗೆ ಖಾತ್ರಿ.

“ಇದಕ್ಕೆ ಯಾರು ನೀರು ಹಾಕ್ತಾರೆ?” ಎಂದು ಇಂಜಿನಿಯರ್ ಕೇಳಿದರು.

“ಯಾರೂ ಇಲ್ಲ ಮೇಡಂ. ಒಂದು ತಂಬಿಗೆ ನೀರೂ ಹಾಕಿಲ್ಲ ನಾನು.”

“ಬೇಸಿಗೇಲೂ?”

“ಬೇಸಿಗೇಲೇ ಇನ್ನೂ ಚೆನ್ನಾಗಿರುತ್ತೆ. ಕೆರೆ ತುಂಬಿರಬೇಕು ಅಷ್ಟೆ. ನಿಮಗೆ ಬೇಕಾದ್ರೆ ಸಸಿ ಕೊಡ್ತೀನಿ, ತಗೊಂಡು ಹೋಗಿ.”

ಇಂಜಿನಿಯರ್ ಮುಖ ಕಳೆಗುಂದಿದ್ದನ್ನು ನಾನು ಟಿಕೆಟ್ ಕಿಟಕಿ ಬಿಟ್ಟು ಬಂದು ಪಕ್ಕದಲ್ಲೇ ನಿಂತು ನೋಡಿದೆ. ಅವರು ಸರಳನ್ನು ಸೇವಂತಿಗೆಯ ನಡುವೆ ಊರಿದರು. ಅದು ಬೆಣ್ಣೆಗೆ ಚುಚ್ಚಿದಂತೆ ಒಳಗೆ ಹೋಯಿತು. ಎಳೆದಾಗ ತುದಿಯಿಂದ ಕೆಸರು ಸುರಿಯಿತು. ಇನ್ನೂ ಮೇಲೆ ಹತ್ತಿ ಜೊಂಡಿನ ಪಕ್ಕ ಚುಚ್ಚಿದರು. ಅಲ್ಲೂ ಹಾಗೆಯೇ.

“ಇಲ್ಲೊಂದು ಪೈಪಿನ ಬಾಯಿ ಇರಬೇಕಿತ್ತಲ್ಲ?” ಎಂದರು.

ಅಷ್ಟೊತ್ತಿಗೆ ವಾಕಿಂಗಿನವರು ಸುತ್ತ ಸೇರಿದ್ದರು. ಬೆಳಿಗ್ಗೆಯಿಂದ ರಾತ್ರಿವರೆಗೂ ಬಾಯಿ ಮುಚ್ಚದ ಜನ. ಒಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಅಧ್ಯಕ್ಷರು ಆಕಾಶ ನೋಡಿದರು. ಕೊನೆಗೆ, “ಪೈಪಾ? ನಾವ್ಯಾರೂ ನೋಡಿದ ನೆನಪಿಲ್ಲ ಮೇಡಂ” ಎಂದರು. ಅತ್ತೆ ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟರು.

ಇಂಜಿನಿಯರ್ ನಮಗೆ ಅರ್ಥವಾಗುವ ಹಾಗೆಯೇ ಹೇಳಿದರು. ಮಣ್ಣಿನ ಏರಿ ಎಷ್ಟೇ ಗಟ್ಟಿಯಾಗಿದ್ದರೂ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಹಾಗೆ ಬಸಿದ ನೀರು ಹೊರಗೆ ಹೋಗಲೆಂದೇ ಕಟ್ಟುವಾಗ ಬುಡದಲ್ಲಿ ಮರಳು, ಜಲ್ಲಿ ಹಾಸಿ ಪೈಪು ಇಟ್ಟಿರುತ್ತಾರೆ. ಆ ಪೈಪಿನಿಂದ ತಿಳಿನೀರು ಬರುತ್ತಿದ್ದರೆ ಏರಿ ಆರೋಗ್ಯವಾಗಿದೆ ಎಂದು ಅರ್ಥ. ಅದು ಕಟ್ಟಿಕೊಂಡರೆ ನೀರು ಏರಿಯ ಹೊಟ್ಟೆಯೊಳಗೇ ನಿಂತು, ವರ್ಷ ವರ್ಷ ಮೇಲಕ್ಕೇರಿ, ಮಣ್ಣನ್ನು ನೆನೆಸಿ, ಕೊನೆಗೆ ತನಗೆ ಬೇಕಾದ ಕಡೆ ದಾರಿ ಮಾಡಿಕೊಂಡು ಹೊರಗೆ ನುಗ್ಗುತ್ತದೆ. ಹಾಗೆ ನುಗ್ಗಿದ ದಿನ ಬರೀ ನೀರು ಬರುವುದಿಲ್ಲ, ಏರಿಯೂ ಜೊತೆಗೆ ಬರುತ್ತದೆ.

ನಾನು ತಿರುಗಿ ನಮ್ಮ ತಾರಸಿಯ ಕಡೆ ನೋಡಿದೆ. ಬಟ್ಟೆ ಒಣಗುತ್ತಿದ್ದವು.

ಆ ದಿನವೇ ತೂಬು ಎತ್ತಿ ಕೆರೆಯ ನೀರು ಇಳಿಸಲು ಶುರು ಮಾಡಿದರು. ಒಮ್ಮೆಗೇ ಇಳಿಸುವಂತಿಲ್ಲ, ಏರಿಯ ನೀರಿನ ಕಡೆಯ ಮೈ ಕುಸಿಯುತ್ತದಂತೆ, ನಿಧಾನವಾಗಿಯೇ ಇಳಿಸಬೇಕು. ಆದರೆ ಮೋಡ ಆಗಲೇ ಕಟ್ಟುತ್ತಿತ್ತು. ದೋಣಿ ವಿಹಾರ ಬಂದ್ ಎಂದು ನನ್ನ ಕಿಟಕಿಗೆ ಚೀಟಿ ಅಂಟಿಸಿದರು. ಏರಿಯ ಕೆಳಗಿನ ಮನೆಯವರು ಬೇರೆ ಕಡೆ ಇರಲು ಅನುಕೂಲ ಮಾಡಿಕೊಳ್ಳಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಇಂಜಿನಿಯರ್ ಹೊರಡುವ ಮುಂಚೆ ಮತ್ತೊಮ್ಮೆ ಕೇಳಿದರು: “ಪೈಪು ಸರಿಯಾಗಿ ಎಲ್ಲಿದೆ, ಒಳಗೆ ಏನು ಸಿಕ್ಕಿಕೊಂಡಿದೆ ಅಂತ ಗೊತ್ತಿದ್ರೆ ಕೈಯಲ್ಲೇ ಹುಷಾರಾಗಿ ಬಿಡಿಸಬಹುದು. ಗೊತ್ತಿಲ್ಲದೆ ಹೋದ್ರೆ ಯಂತ್ರ ಹಾಕಿ ಅಗೀಬೇಕು. ನೆನೆದ ಬುಡ ಅದು. ಅಗೆಯೋವಾಗಲೇ ಕುಸಿದ್ರೆ ನಾನು ಏನೂ ಮಾಡೋಕಾಗಲ್ಲ. ನಾಳೆ ಬೆಳಿಗ್ಗೆ ಯಂತ್ರ ಬರುತ್ತೆ. ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ.”

ಆಗಲೂ ಯಾರೂ ಬಾಯಿಬಿಡಲಿಲ್ಲ. ಅವರು ಅತ್ತೆಯನ್ನು ಕಾಪಾಡುತ್ತಿದ್ದರು. ಇಷ್ಟು ವರ್ಷ ಅವರ ಸೇವಂತಿಗೆ ಮನೆಗೆ ಕೊಂಡುಹೋದ ಋಣಕ್ಕೆ ಇಡೀ ಬೀದಿಯನ್ನು ಮುಳುಗಿಸಲೂ ತಯಾರಾಗಿದ್ದರು, ಪುಣ್ಯಾತ್ಮರು.

ಮನೆಯಲ್ಲಿ ಆ ಸಂಜೆ ಅತ್ತೆ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು. ನಡುಮನೆಯಲ್ಲಿ ಮಗಳು ಬೆಳಿಗ್ಗೆ ನನ್ನ ತಂಗಿಯ ಮನೆಗೆ ಹೋಗಲು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅವಳಿಗೆ ಅದೊಂದು ರಜೆ. ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು: “ಅಮ್ಮ ಏನೂ ಹೇಳೋದು ಬೇಡ. ಸರ್ಕಾರದ ಪೈಪು ಮುಚ್ಚಿದ್ದು ಅಂತ ಕೇಸ್ ಹಾಕಿದ್ರೆ? ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಿಸ್ಬೇಕಾ?”

“ಏರಿ ಒಡೆದ್ರೆ ಹತ್ತೋಕೆ ಸ್ಟೇಷನ್ನೂ ಇರಲ್ಲ” ಎಂದೆ ನಾನು. “ನೀವು ಸ್ವಲ್ಪ ಸುಮ್ಮನಿರ್ತೀರಾ?”

ಅವರು ಸುಮ್ಮನಾದರು. ಅದರಲ್ಲಿ ಅವರದು ಎತ್ತಿದ ಕೈ.

ನಾನು ಅತ್ತೆಯ ಪಕ್ಕಕ್ಕೆ ಹೋಗಿ ನಲ್ಲಿ ನಿಲ್ಲಿಸಿದೆ. “ಅತ್ತೆ, ನೀವು ಏನೂ ಬೇಕಂತ ಮಾಡಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೋಗಿ ಹೇಳಿಬಿಡಿ.”

“ಏನಂತ ಹೇಳಲಿ?”

“ನಾನೇ ಬಿರಡೆ ಹಾಕ್ದೆ ಅಂತ. ಎಲ್ಲಿ ಹಾಕಿದೀನಿ, ಎಷ್ಟು ಒಳಗೆ ಹಾಕಿದೀನಿ ಅಂತ.”

“ಹೇಳಲ್ಲ.”

“ನೀವು ಹೇಳ್ದಿದ್ರೆ ನಾನು ಹೇಳ್ತೀನಿ.”

“ಹೇಳು. ನಿನಗೇನು? ಬಿದ್ದದ್ದು ನಿನ್ನ ಗಂಡ ಅಲ್ಲವಲ್ಲ.”

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಾವನ ಹಾಸಿಗೆ ಬದಲಿಸಿದವಳು ನಾನು, ಗಂಜಿ ಕುಡಿಸಿದವಳು ನಾನು. ಅದನ್ನೆಲ್ಲ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತರು.

“ಆ ನೀರು ಹರೀಲೇಬೇಕಿತ್ತು ಅಂದ್ಲಲ್ಲ ಆ ಹುಡುಗಿ. ಹರೀತಿದ್ದದ್ದೇ ಸರಿ ಅಂದ್ಲಲ್ಲ. ಇಷ್ಟು ವರ್ಷ ಆ ನೀರಿನ ಮೇಲೆ ಹಲ್ಲು ಕಡ್ಕೊಂಡು ಬದುಕಿದೀನಿ ಕಣೆ ನಾನು. ಅದರದ್ದೇ ತಪ್ಪು ಅಂತ. ಈಗ ಅದರದ್ದು ತಪ್ಪಲ್ಲ ಅಂದ್ರೆ ಇನ್ಯಾರದ್ದು? ಅವರದ್ದೇ ಆಯ್ತಲ್ಲ. ಆ ಗುಮಾಸ್ತ ಹೇಳಿದ್ದೇ ನಿಜ ಆಯ್ತಲ್ಲ. ನಾನೇ ಹೋಗಿ, ಹೌದಪ್ಪ, ನೀರು ಸರಿ ಇತ್ತು, ನಮ್ಮನೆಯವರೇ ನೋಡ್ಕೊಂಡು ನಡೀಲಿಲ್ಲ ಅಂತ ನನ್ನ ಬಾಯಲ್ಲೇ ಹೇಳಬೇಕಾ?”

ನಾನು ಅವರ ಪಕ್ಕದಲ್ಲಿ ಕೂತೆ. ಅವರು ಅತ್ತರು, ನಾನೂ ಅತ್ತುಬಿಟ್ಟೆ. ಆದರೆ ನಡುಮನೆಯಲ್ಲಿ ಮಗಳ ಹಾಸಿಗೆ ಕಾಣುತ್ತಿತ್ತು. ಆ ಗೋಡೆಯಾಚೆಗೆ ಬೀದಿ, ಬೀದಿಯಾಚೆಗೆ ಏರಿ. ಅತ್ತೆ ಕ್ಷಮಿಸಲಿ ಬಿಡಲಿ, ಬೆಳಿಗ್ಗೆ ನಾನೇ ಹೋಗಿ ಹೇಳುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ಎದ್ದಾಗ ಅತ್ತೆ ಮನೆಯಲ್ಲಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಮಾವನ ಸಾಮಾನಿನ ಚೀಲವೂ ಇರಲಿಲ್ಲ. ನಾನು ತಲೆಯನ್ನೂ ಬಾಚದೆ ಓಡಿದೆ.

ಏರಿಯ ಬುಡದಲ್ಲಿ ಹಳದಿ ಯಂತ್ರ ಗುರ್ರೆನ್ನುತ್ತಿತ್ತು. ಅದರ ಮುಂದೆ, ತೋಟದ ನಡುವೆ, ಅತ್ತೆ ಚೀಲ ತಬ್ಬಿಕೊಂಡು ನಿಂತಿದ್ದರು. ವಾಕಿಂಗಿನವರು ದೂರದಲ್ಲಿ ಗುಂಪುಗೂಡಿದ್ದರು. ಯಂತ್ರದ ಡ್ರೈವರ್ ಕೆಳಗಿಳಿದು, “ಅಮ್ಮ, ಪಕ್ಕಕ್ಕೆ ಬನ್ನಿ, ಹೂವೇನು, ಮತ್ತೆ ಬೆಳೆಸಬಹುದು” ಎಂದು ಗೋಗರೆಯುತ್ತಿದ್ದ.

“ನಾನು ಹೂವಿಗೆ ಅಡ್ಡ ನಿಂತಿಲ್ಲ ಕಣಪ್ಪ” ಎಂದರು ಅತ್ತೆ. “ನಿನ್ನ ಮೇಡಂನ ಕರಿ.”

ಇಂಜಿನಿಯರ್ ಬಂದರು. ರಾತ್ರಿಯಿಡೀ ತೂಬಿನ ಹತ್ತಿರವೇ ಇದ್ದರೋ ಏನೋ, ಕಣ್ಣು ಕೆಂಪಗಿತ್ತು.

“ಪೈಪು ನನ್ನ ಕಾಲಡಿಯಲ್ಲಿದೆ” ಎಂದರು ಅತ್ತೆ. “ಒಳಗೆ ಮೊಳದಷ್ಟು ದೂರದಲ್ಲಿ ರಬ್ಬರ್ ಬಿರಡೆ ಇದೆ. ಮುಂದೆ ಸಿಮೆಂಟು. ನಾನೇ ಹಾಕಿದ್ದು.”

ಇಂಜಿನಿಯರಿಗೆ ಸಿಟ್ಟು ನೆತ್ತಿಗೇರಿತು. “ನೀವಾ? ನಿನ್ನೆ ಕೇಳಿದಾಗ ಬಾಯಿ ಬಿಡ್ಲಿಲ್ಲ! ಕೆಳಗೆ ಎಷ್ಟು ಮನೆ ಇದೆ ಅಂತ ಗೊತ್ತಾ ನಿಮಗೆ?”

“ಗೊತ್ತು. ಅದರಲ್ಲೊಂದು ನಂದೇ. ನನ್ನ ಮೊಮ್ಮಗಳು ಅಲ್ಲೇ ಮಲಗೋದು. ಅದಕ್ಕೇ ಬಂದೆ.” ಅತ್ತೆ ಚೀಲವನ್ನು ಕೆಳಗಿಟ್ಟರು. “ಮಾಡಿದ್ದು ತಪ್ಪು, ಒಪ್ಕೊಂಡೆ. ಬಿಚ್ಚಿ ಕೊಡ್ತೀನಿ. ಕೇಸು ಹಾಕೋದಾದ್ರೆ ಹಾಕಿ. ಅದಕ್ಕೆ ಮುಂಚೆ ನನಗೊಂದು ಮಾತು ಹೇಳಿ. ನಮ್ಮ ಯಜಮಾನರು ಈ ನೀರಲ್ಲೇ ಜಾರಿ ಬಿದ್ದು ಹೋದ್ರು. ನೋಡ್ಕೊಂಡು ನಡೀಬೇಕಿತ್ತು ಅಂದ್ರು ನಿಮ್ಮ ಕಚೇರೀಲಿ. ನೀರು ಹರೀಬೇಕಾದ್ದೇ ಅಂತೀರಿ ನೀವು. ಹಾಗಾದ್ರೆ ಬಿದ್ದದ್ದು ಅವರ ತಪ್ಪಾ?”

ಯಂತ್ರವನ್ನು ಯಾರೋ ಆರಿಸಿದರು. ಇಂಜಿನಿಯರ್ ಹಳದಿ ಬೋರ್ಡಿನ ಕಡೆ ನೋಡಿದರು, ದಾರಿಯ ಕಲ್ಲುಚಪ್ಪಡಿಯ ಕಡೆ ನೋಡಿದರು. ಈಕೆಯೂ ಏನಾದರೂ ಜಾರಿಕೊಳ್ಳುವ ಮಾತು ಆಡಿದರೆ ಬಿಡುವುದಿಲ್ಲ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ.

“ಅಲ್ಲ ಅಮ್ಮ” ಎಂದರು ಅವರು. “ನೀರು ಪೈಪಿಂದ ಬರಬೇಕು, ಅದು ಸರಿ. ದಾರಿ ಮೇಲೆ ಹರೀಬಾರದು. ಪೈಪಿನ ಬಾಯಿಂದ ಆಚೆ ಕಾಲುವೆವರೆಗೂ ಚರಂಡಿ ತೆಗೆದು, ಮೇಲೆ ಚಪ್ಪಡಿ ಮುಚ್ಚಬೇಕಿತ್ತು. ಅದು ಇಲಾಖೆ ಕೆಲಸ. ಜನ ಓಡಾಡೋ ಜಾಗ ಅಂತ ಗೊತ್ತಿದ್ದೂ ಮಾಡ್ಲಿಲ್ಲ. ಬೋರ್ಡ್ ಹಾಕಿ ಕೈತೊಳೆದುಕೊಂಡ್ವಿ. ನಿಮ್ಮ ಯಜಮಾನರ ತಪ್ಪಲ್ಲ. ತಪ್ಪು ನಮ್ದು.”

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. “ಇನ್ನೊಂದ್ಸಲ ಹೇಳಿ.”

“ತಪ್ಪು ನಮ್ದು.”

“ಜೋರಾಗಿ ಹೇಳಿ. ಅಲ್ಲಿ ನಿಂತಿದಾರಲ್ಲ, ಅವರಿಗೂ ಕೇಳಿಸ್ಲಿ.”

ಇಂಜಿನಿಯರ್ ವಾಕಿಂಗಿನವರ ಕಡೆ ತಿರುಗಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದರು: “ತಪ್ಪು ಇಲಾಖೇದು!” ಅಧ್ಯಕ್ಷರು ಕಣ್ಣೊರೆಸಿಕೊಂಡರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಇಷ್ಟು ವರ್ಷ ಒಂದು ಕಚೇರಿಯಿಂದ ಬರಬೇಕಿದ್ದದ್ದು ಈ ಒಂದು ಮಾತು, ಅಷ್ಟೇ. ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅತ್ತೆ ಬಗ್ಗಿ ಮೊದಲ ಗಿಡವನ್ನು ತಾವೇ ಕಿತ್ತರು. ಆಮೇಲೆ ಎಲ್ಲರೂ ಕೈಹಾಕಿದೆವು. ಚೆಂಡುಹೂವಿನ ಬೇರು ಕೆಸರಿನಿಂದ ಚಪ್ ಎಂದು ಬಿಡಿಸಿಕೊಂಡು ಬಂದವು. ಪೈಪಿನ ಬಾಯಿ ಕಂಡಿತು. ಇಂಜಿನಿಯರ್ ಎರಡೂ ಕಡೆ ಮರಳಿನ ಮೂಟೆ ಒಡ್ಡಿಸಿದರು, ನಮ್ಮನ್ನೆಲ್ಲ ದೂರ ಸರಿಸಿದರು. ಅತ್ತೆ ಮಾತ್ರ ಹೋಗಲಿಲ್ಲ. ಉಳಿಯಿಂದ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ, ಉದ್ದನೆಯ ಸ್ಪ್ಯಾನರ್ ಒಳಗೆ ತೂರಿಸಿ, ಕಿವಿಯನ್ನು ಪೈಪಿಗೆ ಹಚ್ಚಿ ಕೂತರು. “ಒಂದೇ ಸಲ ಬೇಡ ಅಮ್ಮ, ಸ್ವಲ್ಪ ಸ್ವಲ್ಪ” ಎಂದರು ಇಂಜಿನಿಯರ್. “ನನಗೆ ಹೇಳಿಕೊಡ್ತೀಯಾ?” ಎಂದರು ಅತ್ತೆ. ಮಾತು ಏಕವಚನಕ್ಕೆ ಇಳಿದದ್ದನ್ನು ಇಬ್ಬರೂ ಗಮನಿಸಿದಂತೆ ಕಾಣಲಿಲ್ಲ.

ನಟ್ಟು ತುಕ್ಕು ಹಿಡಿದಿತ್ತು. ಕಿರ್ರೆಂದಿತು, ತಿರುಗಿತು. ರಬ್ಬರಿನ ಅಂಚಿನಿಂದ ಒಂದು ಎಳೆ ನೀರು ಚಿಮ್ಮಿ ಅತ್ತೆಯ ಮುಖಕ್ಕೆ ಹೊಡೆಯಿತು. ಅವರು ಒರೆಸಿಕೊಳ್ಳದೆ ಮತ್ತೆ ತಿರುಗಿಸಿದರು. ನೀರು ಕೆಂಪಗೆ ಬಂತು, ಮಣ್ಣಿನ ಬಣ್ಣ. ಇಂಜಿನಿಯರ್ ಅದನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಮಣ್ಣು ಬರುತ್ತಲೇ ಇದ್ದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದು ಅರ್ಥ, ಬೀದಿ ಖಾಲಿ ಮಾಡಿ ಓಡುವುದೊಂದೇ ದಾರಿ. ಎರಡನೆಯ ಬಾಟಲಿಯೂ ಕೆಂಪು. ನಾನು ಹಿಂದೆಯೇ ಓಡಿಬಂದಿದ್ದ ಗಂಡನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದೆ. ಮೂರನೆಯದು ಟೀಯಂತೆ ಆಯಿತು. ಎಷ್ಟೋ ಹೊತ್ತಿನ ಮೇಲೆ ಹಿಡಿದ ಬಾಟಲಿಯ ಆಚೆಗೆ ಇಂಜಿನಿಯರರ ಬೆರಳು ಕಂಡವು. ಅವರು ಕೆಸರಿನಲ್ಲೇ ಕುಕ್ಕರಿಸಿ ಕೂತುಬಿಟ್ಟರು. “ಆಯ್ತು” ಎಂದರು. “ಏರಿ ಉಳೀತು.”

ಆಗ ಬಿರಡೆಯನ್ನು ಪೂರ್ತಿ ಹೊರಗೆಳೆದರು. ನೀರು ತನ್ನ ಹಳೆಯ ದಾರಿ ಮರೆತಿರಲಿಲ್ಲ. ಚಪ್ಪಡಿಯ ಮೇಲೆ, ಮಾವ ಬಿದ್ದ ಜಾಗದ ಮೇಲೆ, ಅಡ್ಡಲಾಗಿ ಹರಿಯಿತು. ಅತ್ತೆ ಅದನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಏನಿತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಸಿಟ್ಟಂತೂ ಅಲ್ಲ.

ಕೇಸು ಗೀಸು ಏನೂ ಆಗಲಿಲ್ಲ. ಏರಿ ಒಣಗುವವರೆಗೆ ಕೆರೆಯನ್ನು ಅರ್ಧಕ್ಕಿಂತ ಕೆಳಗೆ ಇಟ್ಟರು. ದೋಣಿಗಳು ಕೆಸರಿನಲ್ಲಿ ಕೂತವು, ನಾನು ಮನೆಯಲ್ಲಿ ಕೂತೆ. ಚರಂಡಿ ಕೆಲಸ ಇದೇ ವಾರ ಶುರುವಾಗುತ್ತದೆ ಎಂದು ಇಂಜಿನಿಯರ್ ಹೇಳಿ ಹೋಗಿದ್ದರು. ಇಲಾಖೆಯ ವಾರ ಎಷ್ಟು ಉದ್ದ ಎಂಬುದು ಅತ್ತೆಗೆ ಗೊತ್ತಿತ್ತು. ಮರುದಿನ ಬೆಳಕು ಹರಿಯುವಷ್ಟರಲ್ಲಿ ಅವರು ಮನೆಯ ಕುರ್ಚಿ ಹೊತ್ತುಕೊಂಡು ಹೋಗಿ, ನೀರು ಹರಿಯುತ್ತಿದ್ದ ಜಾಗದ ಈಚೆಗೆ, ದಾರಿಗೆ ಅಡ್ಡಲಾಗಿ ಹಾಕಿಕೊಂಡು ಕೂತರು. ಚರಂಡಿ ಆಗುವವರೆಗೆ ಯಾರಿಗೂ ದಾರಿಯಿಲ್ಲ. ಬಂದವರೆಲ್ಲ ಏರಿ ಹತ್ತಿ, ಮೇಲಿನಿಂದ ಸುತ್ತಿಕೊಂಡು ಹೋಗಬೇಕು. ನಾನು ತಿಂಡಿ ಡಬ್ಬಿ ತೆಗೆದುಕೊಂಡು ಹೋದಾಗ ಅಧ್ಯಕ್ಷರು ಅವರ ಮುಂದೆ ನಿಂತು ಅಂಗಲಾಚುತ್ತಿದ್ದರು.

“ಅಮ್ಮ, ನನ್ನ ಮೊಣಕಾಲು ನಿಮಗೆ ಗೊತ್ತಲ್ಲ. ಏರಿ ಹತ್ತೋಕಾಗಲ್ಲ. ನನ್ನೊಬ್ಬನ್ನ ಬಿಡಿ, ಹುಷಾರಾಗಿ ನೋಡ್ಕೊಂಡು ದಾಟ್ತೀನಿ.”

ಅತ್ತೆ ಕುರ್ಚಿಯಿಂದ ಏಳಲಿಲ್ಲ, ದನಿ ಎತ್ತಲೂ ಇಲ್ಲ.

“ಅವರೂ ಹುಷಾರಾಗೇ ನಡೀತಿದ್ರು” ಎಂದರು.

ಅಧ್ಯಕ್ಷರು ಮೊಣಕಾಲು ಹಿಡಿದುಕೊಂಡು ಏರಿ ಹತ್ತತೊಡಗಿದರು.